ಒಣ ಬುರುಡೆಯ ಅಂಕೆ

ರೈಲು ತಡವಾದರೆ ಜನ ಬೈಯುವುದು ಡ್ರೈವರನ್ನಲ್ಲ, ಇಂಜಿನನ್ನೂ ಅಲ್ಲ, ಧ್ವನಿವರ್ಧಕದಲ್ಲಿ ಹಾಗೆಂದು ಹೇಳಿದವಳನ್ನು. ನಿಲ್ದಾಣದ ಪಾರ್ಸೆಲ್ ಆಫೀಸಿನ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಹಾಗೆ ಬೈಸಿಕೊಳ್ಳುವುದೇ ಅವಳ ಕೆಲಸವಾಗಿತ್ತು. ಗೂಡಿನಲ್ಲಿ ಒಂದು ಮೈಕು, ಎರಡು ಫೋನು, ಹಗ್ಗದಿಂದ ಬಿಗಿದು ಕಟ್ಟಿದ ಫ್ಯಾನು. ಗಾಜಿನ ಹೊರಗೆ ಪಾರಿವಾಳದ ಹಿಕ್ಕೆ, ಒಳಗೆ ಅವಳ ಗತ್ತು. ಮನೆಯವರು ಅವಳನ್ನು ಮೈಕು ಎಂದೇ ಕರೆಯುತ್ತಿದ್ದರು. ಈ ಕೆಲಸ ಸಿಕ್ಕಿದ ಮೇಲೆ ಬಂದ ಹೆಸರಲ್ಲ ಅದು. ತೊಟ್ಟಿಲಲ್ಲಿ ಅತ್ತರೆ ಮೂರನೇ ಮನೆಯವರು ಕದ ಹಾಕಿಕೊಳ್ಳುತ್ತಿದ್ದರಂತೆ, ಆಗ ಬಂದದ್ದು.

ಗಂಟಲು ಕೊಟ್ಟ ದೇವರು ತಲೆಯಲ್ಲಿ ಒಂದು ಎಡವಟ್ಟನ್ನೂ ಇಟ್ಟು ಕಳಿಸಿದ್ದ. ಮೈಕುವಿಗೆ ಫಿಟ್ಸ್ ಬರುತ್ತಿತ್ತು. ನೆಲಕ್ಕೆ ಬಿದ್ದು ಒದ್ದಾಡುವ ಜಾತಿಯದಲ್ಲ. ಇದ್ದಕ್ಕಿದ್ದಂತೆ ಮಾತು ಮಾಯವಾಗುತ್ತಿತ್ತು, ಅಷ್ಟೆ. ಏನು ಹೇಳಬೇಕೆಂದು ಗೊತ್ತು, ಎದುರಿಗೆ ಬರೆದೂ ಇದೆ, ಆದರೆ ನಾಲಿಗೆ ಹೊರಳದು. ಎಡಗೈ ತಾನಾಗಿ ಬಟ್ಟೆಯ ಅಂಚನ್ನು ಹೊಸೆಯಲು ತೊಡಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಇಡೀ ನಿಲ್ದಾಣ ಅವಳ ಉಸಿರಾಟವನ್ನು ಕೇಳಿಸಿಕೊಂಡು ಮುಗಿಸಿರುತ್ತಿತ್ತು. ಒಮ್ಮೆ ಪ್ಲಾಟ್‌ಫಾರಂ ಸಂಖ್ಯೆ ಹೇಳುವ ಜಾಗದಲ್ಲೇ ಮಾತು ನಿಂತು, ಮಕ್ಕಳು ಮರಿ ಟ್ರಂಕುಗಳ ಸಮೇತ ಒಂದು ಜಾತ್ರೆಯಷ್ಟು ಜನ ಸೇತುವೆ ಹತ್ತಿ ಇಳಿದು, ಹೊರಟುಹೋದ ರೈಲಿನ ಬೆನ್ನು ನೋಡಿಕೊಂಡು ನಿಂತರು.

ಸ್ಟೇಷನ್ ಮಾಸ್ಟರು ಕಡ್ಡಿ ಮುರಿದಂತೆ ಹೇಳಿದರು: "ನೋಡಮ್ಮ, ಇನ್ನೊಂದ್ಸಲ ಹೀಗಾದ್ರೆ ನಿನ್ನ ಲಗೇಜ್ ರೂಮಿಗೆ ಹಾಕ್ತೀನಿ. ಅಲ್ಲಿ ಪೆಟ್ಟಿಗೆಗಳ ಜೊತೆ ಮಾತಾಡಬೇಕಾಗಿಲ್ಲ."

ಮೈಕುವಿಗೆ ಇಷ್ಟೇ ಬೇಕಿತ್ತು, ಆ ಮಾತು ಹೋಗುವುದು ನಿಲ್ಲಬೇಕು. ಬಣ್ಣ ಬಣ್ಣದ ಮಾತ್ರೆ ನುಂಗಿದ್ದಾಯಿತು, ಯಾವುದೂ ನಾಟಲಿಲ್ಲ. ಉಳಿದದ್ದು ಆಪರೇಷನ್ ಒಂದೇ. ಫಿಟ್ಸ್ ಹುಟ್ಟುವ ಚೂರನ್ನು ಹುಡುಕಿ ಕತ್ತರಿಸಿ ತೆಗೆಯುವುದು.

ಇಲ್ಲಿಗೆ ಅವಳ ಅಣ್ಣ ಬರುತ್ತಾನೆ. ಬರುವಾಗ ಮೊದಲು ಹೊಟ್ಟೆ, ಆಮೇಲೆ ಬಿರುದು, ಕೊನೆಗೆ ಅವನು. ದೊಡ್ಡ ವಿದ್ಯಾಲಯದಲ್ಲಿ ದೊಡ್ಡ ಮೇಷ್ಟ್ರು. ವಿದ್ಯಾರ್ಥಿಗಳು ಬೆನ್ನ ಹಿಂದೆ ಬುರುಡೆ ಸಾರ್ ಎನ್ನುತ್ತಿದ್ದರು, ಅವನು ಅದನ್ನು ಗೌರವ ಎಂದುಕೊಂಡಿದ್ದ. ಅವನ ಜೀವಮಾನದ ಸಾಧನೆ ಒಂದೇ ಒಂದು ಅಂಕೆ. ಮನುಷ್ಯನ ತಲೆಬುರುಡೆ ವಿದ್ಯುತ್ತನ್ನು ಎಷ್ಟು ಹಾಯಗೊಡುತ್ತದೆ ಎನ್ನುವ ಅಂಕೆ.

ಅದರಿಂದ ಏನು ಪ್ರಯೋಜನ ಎಂದರೆ, ಪ್ರಯೋಜನ ನಿಜವಾಗಿಯೂ ಇತ್ತು, ಅದಕ್ಕೇ ಹೊಟ್ಟೆ ಉರಿಯುವುದು. ಮಿದುಳಿನಲ್ಲಿ ಸದಾ ಸಣ್ಣ ಸಣ್ಣ ಕರೆಂಟು ಹರಿಯುತ್ತಿರುತ್ತದೆ. ಫಿಟ್ಸ್ ಬಂದಾಗ ಒಂದು ಮೂಲೆಯಲ್ಲಿ ಅದು ಕೆರಳುತ್ತದೆ. ತಲೆಗೆ ತಂತಿಗಳ ಟೋಪಿ ಹಾಕಿದರೆ ಆ ಕೆರಳಿಕೆಯ ಸುಳಿವು ನೆತ್ತಿಯ ಚರ್ಮದ ಮೇಲೆ ಸಿಗುತ್ತದೆ. ತಲೆ ಒಡೆಯದೆ, ಒಂದು ಗೀರೂ ಹಾಕದೆ, ಹೊರಗಿನ ಆ ಸುಳಿವಿನಿಂದ ಒಳಗಿನ ಮೂಲೆಯನ್ನು ಕಂಪ್ಯೂಟರು ಲೆಕ್ಕ ಹಾಕಿ ತೋರಿಸುತ್ತದೆ. ಆದರೆ ನಡುವೆ ಬುರುಡೆ ಇದೆಯಲ್ಲ. ಅದು ಎಷ್ಟು ತಡೆಯುತ್ತದೆಂದು ತಿಳಿಯದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಬುರುಡೆ ನಿಜಕ್ಕಿಂತ ಹೆಚ್ಚು ತಡೆಯುತ್ತದೆಂದು ನಂಬಿದರೆ, ಆಳದಲ್ಲಿರುವ ಮೂಲೆಯನ್ನು ಕಂಪ್ಯೂಟರು ಮೇಲಕ್ಕೆ, ಬುರುಡೆಯ ಪಕ್ಕಕ್ಕೆ ತಂದು ಕೂರಿಸುತ್ತದೆ.

ಅಣ್ಣ ಅದನ್ನು ಅಳೆದದ್ದು ಹೇಗೆ? ವೈದ್ಯಕೀಯ ಕಾಲೇಜಿನ ಬೀರುವಿನಲ್ಲಿ ವರ್ಷಗಟ್ಟಲೆ ಒಣಗಿ ಕೂತಿದ್ದ ಬುರುಡೆಗಳನ್ನು ತಂದು, ಉಪ್ಪುನೀರಿನಲ್ಲಿ ನೆನೆಹಾಕಿ, ಎರಡು ಕಡೆ ತಂತಿ ಒತ್ತಿ ಅಳೆದ. ಸತ್ತ ಮೂಳೆಗೆ ಉಪ್ಪುನೀರು ಕುಡಿಸಿದರೆ ಅದು ಬದುಕಿದ ಮೂಳೆಯಾಗುತ್ತದೆ ಎಂದು ನಂಬಲು ಬಹಳ ಓದಿರಬೇಕು. ಬದುಕಿದ ಬುರುಡೆಯೊಳಗೆ ರಕ್ತ ಇದೆ, ಮಜ್ಜೆ ಇದೆ, ಹಸಿ ಇದೆ, ಬೆಚ್ಚಗಿದೆ. ಅದರಲ್ಲಿ ಕರೆಂಟು ಹೆಚ್ಚು ಸಲೀಸಾಗಿ ಹಾಯುತ್ತದೆ. ಇದು ಅವನಿಗೆ ತಿಳಿಯದ ವಿಷಯವಲ್ಲ. ಆಗ ಬೇಗ ಮುಗಿಸಿ ಪದವಿ ತೆಗೆದುಕೊಳ್ಳಬೇಕಾಗಿತ್ತು, ತೆಗೆದುಕೊಂಡ. ಅಂಕೆ ಅಚ್ಚಾಯಿತು. ಅಚ್ಚಾದದ್ದನ್ನು ಯಾರೋ ಕಂಪ್ಯೂಟರಿನಲ್ಲಿ ತುಂಬಿದರು. ಆಮೇಲೆ ಆಸ್ಪತ್ರೆಗಳಲ್ಲಿ ಯಾರ ತಲೆ ಬಂದರೂ ಬುರುಡೆಯ ಖಾನೆಯಲ್ಲಿ ಆ ಅಂಕೆ ತಾನಾಗಿಯೇ ಬಂದು ಕೂರುತ್ತಿತ್ತು. ಕೂತದ್ದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಬೇರೆ ಕಡೆಯ ಕೆಲವರು ಬದುಕಿದವರ ತಲೆಗಳಲ್ಲೇ ಅಳೆದು, ಈ ಅಂಕೆ ಸರಿಯಿಲ್ಲ ಎಂದು ಬರೆದರು. ಆ ಬರಹಗಳು ಪರಿಶೀಲನೆಗೆಂದು ಅಣ್ಣನ ಮೇಜಿಗೇ ಬರುತ್ತಿದ್ದವು. ಅಣ್ಣ ಮೂಗು ಮುರಿದು ವಾಪಸು ಕಳಿಸುತ್ತಿದ್ದ. ಬದುಕಿದ ತಲೆ ಅಳೆಯುವ ಯಂತ್ರವನ್ನು ಅವನೂ ತರಿಸಿಕೊಂಡಿದ್ದ, ಇಲ್ಲದಿದ್ದರೆ ಮರ್ಯಾದೆಗೆ ಕಡಿಮೆಯಲ್ಲವೆ. ತರಿಸಿದ ದಿನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಮೇಲೊಂದು ಬಟ್ಟೆ ಹೊದಿಸಿದ. ಬಟ್ಟೆ ಹಾಗೇ ಇತ್ತು.

ಮೈಕುವಿಗೆ ಅಣ್ಣನ ಬಗ್ಗೆ ಇದ್ದ ತಿರಸ್ಕಾರ ಇವತ್ತು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿ ಒಡೆದವನು ಅವನು, "ಒಡೆದಿದ್ದು ಗಾಳಿ" ಎಂದವನೂ ಅವನೇ. "ನಮ್ಮಣ್ಣನಿಗೆ ಬೆನ್ನುಮೂಳೆ ಒಂದು ಬಿಟ್ಟು ಮಿಕ್ಕ ಮೂಳೆಗಳ ವಿಷಯ ಎಲ್ಲಾ ಗೊತ್ತು" ಎಂದು ಅವಳು ಅತ್ತಿಗೆಯ ಎದುರೇ ಹೇಳುತ್ತಿದ್ದಳು. ಅತ್ತಿಗೆ ನಗು ತಡೆಯಲಾಗದೆ ಒಳಗೆ ಹೋಗುತ್ತಿದ್ದರು. ಸುಳ್ಳು ಹೇಳಿ ಬಚಾವಾಗುವವರನ್ನು ಕಂಡರೆ ಮೈಕುವಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಅಂಥವಳಲ್ಲ ಎನ್ನುವುದರ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಸ್ಪತ್ರೆಯಲ್ಲಿ ನರದ ಡಾಕ್ಟರಮ್ಮ ಟೋಪಿ ಹಾಕಿ, ಎರಡು ದಿನ ಮಲಗಿಸಿ, ಕೊನೆಗೆ ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿದರು. ಎಡಗಡೆ ಕಿವಿಯ ಮೇಲ್ಭಾಗದಲ್ಲಿ, ಹೊರಮೈಯಲ್ಲೇ ಒಂದು ಕೆಂಪು ಕಲೆ.

"ಇದು ಮಾತಿನ ಜಾಗ," ಎಂದರು ಡಾಕ್ಟರಮ್ಮ. "ಕಲೆ ಅದರ ಮೇಲೇ ಕೂತಿದೆ. ಇಲ್ಲಿ ಕತ್ತರಿ ಹಾಕಿದ್ರೆ ಫಿಟ್ಸ್ ಹೋಗುತ್ತೆ, ಜೊತೆಗೆ ಮಾತೂ ಹೋಗುತ್ತೆ. ನಾನು ಮಾಡಲ್ಲ."

ಮೈಕು ಕುರ್ಚಿ ಮುಂದೆಳೆದುಕೊಂಡಳು. "ಬೇರೆ ದಾರಿ?"

"ನಿಮ್ಮ ಫಿಟ್ಸ್ ಶುರುವಾಗೋ ರೀತಿ ನೋಡಿದ್ರೆ ಇದು ಒಳಗಡೆ, ಇನ್ನೂ ಆಳದಲ್ಲಿ ಇರಬೇಕು ಅಂತ ನನಗೆ ಗುಮಾನಿ. ಆಳದಲ್ಲಿದ್ರೆ ಧೈರ್ಯವಾಗಿ ತೆಗೀಬಹುದು. ಆದ್ರೆ ಲೆಕ್ಕ ಹೀಗೆ ತೋರಿಸ್ತಿದೆ. ಬುರುಡೆಗೆ ಎಲ್ಲರಿಗೂ ಒಂದೇ ಅಂಕೆ ಹಾಕ್ತೀವಿ. ನಿಮ್ಮ ಬುರುಡೇನೇ ಅಳೆದು ಹಾಕಿದ್ರೆ ಗೊತ್ತಾಗಬಹುದು. ನಮ್ಮ ರಾಜ್ಯದಲ್ಲಿ ಆ ಯಂತ್ರ ಇರೋದು ಒಂದೇ ಕಡೆ." ಡಾಕ್ಟರಮ್ಮ ವಿದ್ಯಾಲಯದ ಹೆಸರು ಹೇಳಿ, ಬುರುಡೆ ಸಾರ್ ಅವರ ಬಿರುದುಗಳನ್ನೆಲ್ಲ ಭಕ್ತಿಯಿಂದ ಹೇಳಿದರು. ಅವರು ದೊಡ್ಡ ಮನುಷ್ಯರು, ಒಪ್ಪಿಸುವುದು ಕಷ್ಟ ಎಂದೂ ಸೇರಿಸಿದರು.

"ದೊಡ್ಡ ಮನುಷ್ಯ," ಎಂದಳು ಮೈಕು. "ಅವನ ಮೂಗು ಸೋರೋದು ನಾನು ನೋಡಿದ್ದೀನಿ. ನಮ್ಮಣ್ಣ."

ಅಣ್ಣ ಮೊದಲು ಫೋನಿನಲ್ಲಿ ಜಾರಿಕೊಂಡ. ಯಂತ್ರ ಸಂಶೋಧನೆಗೆ ಮಾತ್ರ ಎಂದ. ಮನೆಯವರ ಮೇಲೆ ಪ್ರಯೋಗ ಮಾಡಬಾರದು, ನಿಯಮವಿದೆ ಎಂದ. ನಿಯಮ ತೋರಿಸು ಎಂದರೆ ಸಿಗ್ನಲ್ ಸರಿಯಿಲ್ಲ ಎಂದ. ಮೈಕು ರಜೆ ಹಾಕಿ ನೇರ ಅವನ ಕೋಣೆಗೇ ಹೋದಳು. ಕೋಣೆಯಲ್ಲಿ ಅವನ ಕೈಕೆಳಗಿನ ಮೇಷ್ಟ್ರುಗಳು ನಾಲ್ಕೈದು ಜನ ಟೀ ಕುಡಿಯುತ್ತ, ಅವನು ಹೇಳಿದ ಹಳೆಯ ಜೋಕಿಗೆ ಹೊಸದಾಗಿ ನಗುತ್ತಿದ್ದರು. ಗೋಡೆಯ ಮೇಲೆ ಆ ಅಂಕೆಗೆ ಚಿನ್ನದ ಬಣ್ಣದ ಕಟ್ಟು ಹಾಕಿ ತೂಗುಹಾಕಿದ್ದ. ಬೇರೆಯವರು ತಂದೆತಾಯಿಯ ಫೋಟೊ ಹಾಕುವ ಜಾಗ ಅದು.

"ಅಣ್ಣ, ಅಳೀತೀಯೋ ಇಲ್ವೋ ಹೇಳಿಬಿಡು."

"ಇಲ್ಲಿ ಆ ಮಾತೆಲ್ಲ ಬೇಡ. ಮನೇಲಿ ಮಾತಾಡೋಣ."

"ಮನೇಲಿ ನೀನು ಸಿಗಲ್ಲ. ಬದುಕಿರೋರ ತಲೆ ಅಳೆಯೋಕೆ ಯಾಕೆ ಭಯ ನಿಂಗೆ? ಸತ್ತೋರಾದ್ರೆ ಎದುರು ಮಾತಾಡಲ್ಲ ಅಂತಾನಾ?"

ಟೀ ಕುಡಿಯುತ್ತಿದ್ದವರು ಲೋಟದೊಳಗೆ ಇಣುಕಿದರು. ಅಣ್ಣನ ಮುಖ ಹುಳ್ಳಗಾಯಿತು. ಆಮೇಲೆ ಅವನು ನಕ್ಕ. ತನ್ನ ಅಂಕೆ ತಪ್ಪೆಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಗೊತ್ತಿದ್ದರೂ, ಇಷ್ಟು ವರ್ಷ ಸುಳ್ಳನ್ನು ಸಾಕಿದವನಿಗೆ ಅದರ ಮೇಲೆ ನಂಬಿಕೆ ಬಂದುಬಿಟ್ಟಿತ್ತು.

"ಭಯವಂತೆ," ಎಂದ. "ಈಗಲೇ ಬಾ. ಎಲ್ಲರೂ ಬನ್ನಿ. ನೋಡಿ, ಕಣ್ಣಾರೆ ನೋಡಿ."

ಬಟ್ಟೆ ತೆಗೆದಾಗ ಎದ್ದ ಧೂಳಿಗೆ ಮೂವರು ಸೀನಿದರು. ಮೈಕುವನ್ನು ಕುರ್ಚಿಯಲ್ಲಿ ಕೂರಿಸಿ, ತಂತಿಗಳ ಟೋಪಿ ತೊಡಿಸಿ, ಒಂದೊಂದು ತಂತಿಯ ಬುಡಕ್ಕೂ ತಣ್ಣನೆಯ ಅಂಟು ಹಿಂಡಿದರು. ಎರಡು ತಂತಿಗಳ ನಡುವೆ ಚರ್ಮಕ್ಕೂ ಗೊತ್ತಾಗದಷ್ಟು ಸಣ್ಣ ಕರೆಂಟು ಹರಿಸುವುದು, ಮಿಕ್ಕ ತಂತಿಗಳಲ್ಲಿ ಏನು ಬಂತೆಂದು ನೋಡುವುದು, ಅದರಿಂದ ಬುರುಡೆಯ ಅಂಕೆ ಹೊರಡಿಸುವುದು. ಅಣ್ಣ ಸೀಮೆಸುಣ್ಣ ಹಿಡಿದು ತನ್ನ ಅಂಕೆಯನ್ನು ಮೊದಲೇ ಬೋರ್ಡಿನ ಮೇಲೆ ಬರೆದ, ಅದಕ್ಕೆ ಅಡಿಗೆರೆಯನ್ನೂ ಎಳೆದ.

ಯಂತ್ರದ ಮುಂದೆ ಕೂತಿದ್ದವನು ಎದುರು ಕೋಣೆಯ ಮೇಷ್ಟ್ರು. ಮೇಲಿನವರಿಗೆ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಅವನು ಪರದೆ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, ಬಂದ ಅಂಕೆಯನ್ನು ಪಿಸುಗುಟ್ಟಿದ. ಬೋರ್ಡಿನ ಮೇಲಿದ್ದದ್ದಕ್ಕೆ ಅದು ಹತ್ತಿರವೂ ಇರಲಿಲ್ಲ. ಮೈಕುವಿನ ಬುರುಡೆಯಲ್ಲಿ ಕರೆಂಟು ಹಲವು ಪಟ್ಟು ಸಲೀಸಾಗಿ ಹಾಯುತ್ತಿತ್ತು.

"ಅಂಟು ಜಾಸ್ತಿ ಆಗಿದೆ," ಎಂದ ಅಣ್ಣ. "ಕರೆಂಟು ಒಳಗೆ ಹೋಗದೆ ಚರ್ಮದ ಮೇಲೇ ಹರೀತಿದೆ. ಒರೆಸಿ."

ಒರೆಸಿ ಮತ್ತೆ ಅಳೆದರು. ಅದೇ ಬಂತು. ತಂತಿ ಬದಲಿಸಿದರು. ಅದೇ. ಅಣ್ಣ ತಂಗಿಯ ಟೋಪಿಯನ್ನು ದಿಟ್ಟಿಸಿ ಹೇಳಿದ: "ಇವಳ ತಲೆ ಮೊದಲಿಂದಲೂ ಸರಿ ಇಲ್ಲ. ಅದು ರೋಗದ ತಲೆ. ಸರಿಯಾಗಿರೋ ತಲೆ ಹೇಗಿರುತ್ತೆ ಅಂತ ತೋರಿಸ್ತೀನಿ."

ಹೀಗೆಂದು ಟೋಪಿ ಕಿತ್ತು ತನ್ನ ತಲೆಗೇ ಹಾಕಿಕೊಂಡ. ಅವನ ತಲೆ ಬೋಳು, ಕೂದಲ ಕಾಟವಿಲ್ಲ, ಅಂಟು ಚೆನ್ನಾಗಿ ಕೂತಿತು. ಇಷ್ಟು ಸ್ವಚ್ಛವಾದ ಅಳತೆ ಈ ಯಂತ್ರದಲ್ಲಿ ಬರುವುದು ಅಪರೂಪ ಎಂದು ಯಾರೋ ಮೆಚ್ಚಿಕೊಂಡರು. ಪರದೆಯ ಮೇಲೆ ಅಂಕೆ ಮೂಡಿತು. ತಂಗಿಯ ಅಂಕೆಗೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಬುರುಡೆಗಳ ಬಗ್ಗೆ ಜೀವಮಾನವಿಡೀ ಭಾಷಣ ಮಾಡಿದವನನ್ನು ಅವನದೇ ಬುರುಡೆ ಎಲ್ಲರೆದುರು ಸುಳ್ಳುಗಾರನನ್ನಾಗಿ ಮಾಡಿತ್ತು.

ಯಾರೋ ಒಬ್ಬರು ಕೆಮ್ಮಿದರು. ಮೈಕುವಿಗೆ ಆ ಕ್ಷಣ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಎದುರು ಕೋಣೆಯ ಮೇಷ್ಟ್ರು ಇಂಥ ಹೊತ್ತಿಗೆಂದೇ ಹುಟ್ಟಿದವನು.

"ಒಡಹುಟ್ಟಿದವರಲ್ವಾ ಸಾರ್," ಎಂದ ಅವನು. "ಹೋಲಿಕೆ ಇದ್ದೇ ಇರುತ್ತೆ. ನಿಮ್ಮ ಮನೆತನದ ಬುರುಡೇನೇ ವಿಶೇಷ ಇರಬೇಕು."

ಅಣ್ಣ ಟೋಪಿಯೊಳಗಿಂದ ಅವನನ್ನು ನೋಡಿದ. ಮುಳುಗುತ್ತಿದ್ದವನಿಗೆ ಯಾರೋ ಹಲಗೆ ಎಸೆದಿದ್ದರು. "ಹೌದು," ಎಂದ ನಿಧಾನವಾಗಿ. "ನಮ್ಮ ತಂದೆಯ ಕಡೆಯವರದೂ ಹೀಗೇ ಇದ್ದಿರಬೇಕು. ವಿರಳವಾದ ವಂಶಲಕ್ಷಣ. ಇದರ ಮೇಲೇ ಒಂದು ಲೇಖನ ಬರೀಬಹುದು."

"ಹಾಗಾದ್ರೆ ನಿಮ್ಮ ತಲೆ ಕೊಡಿ ಸಾರ್," ಎಂದಳು ಮೈಕು, ಎದುರು ಕೋಣೆಯವನಿಗೆ. "ನೀವಂತೂ ನಮ್ಮ ವಂಶದವರಲ್ಲ."

ಅವನಿಗೆ ತಟ್ಟನೆ ಪಾಠದ ನೆನಪಾಯಿತು. ಇನ್ನೊಬ್ಬನಿಗೆ ಶೀತವಾಗಿತ್ತು, ಮತ್ತೊಬ್ಬನ ಮನೆಯಲ್ಲಿ ನೆಂಟರಿದ್ದರು. ಅಷ್ಟು ಓದಿದವರ ಗುಂಪಿನಲ್ಲಿ ಅಳತೆಗೆ ಕೊಡಲು ಒಂದು ತಲೆಯೂ ಮಿಕ್ಕಲಿಲ್ಲ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಇಬ್ಬರೇ ಉಳಿದಾಗ ಅಣ್ಣ ನೆತ್ತಿಯ ಮೇಲಿನ ಅಂಟನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ ಬಾಗಿಲು ಹಾಕಿದ. ಅಂಟು ಹೋಗದೆ ಇನ್ನಷ್ಟು ಹರಡಿತು. ಇನ್ನೊಬ್ಬರ ನೆತ್ತಿಯಾಗಿದ್ದರೆ ಮೈಕುವಿಗೆ ಕನಿಕರ ಬರುತ್ತಿತ್ತೇನೋ.

"ನಾಳೆ ಬೆಳಗ್ಗೆ ನಿನ್ನ ಅಂಕೆ ಡಾಕ್ಟರಿಗೆ ಕಳಿಸ್ತೀನಿ," ಎಂದ. "ಇದು ನಮ್ಮ ಮನೆತನದ ವಿಶೇಷ, ಬೇರೆಯವರಿಗೆ ಅನ್ವಯಿಸಲ್ಲ ಅಂತ ಜೊತೆಗೆ ಬರೀತೀನಿ. ನಿನ್ನ ಕೇಳಿದ್ರೆ ನೀನೂ ಹಾಗೇ ಹೇಳ್ಬೇಕು."

"ಇಲ್ಲದಿದ್ರೆ?"

"ಇಲ್ಲದಿದ್ರೆ ಯಂತ್ರ ಸರಿ ಇದೆಯಾ ಅಂತ ಪರೀಕ್ಷೆ ಆಗ್ಬೇಕು. ಸಮಿತಿ ಕೂರಬೇಕು. ವರ್ಷ ಹಿಡಿಯುತ್ತೆ, ಎರಡು ವರ್ಷಾನೂ ಹಿಡೀಬಹುದು. ನಿನ್ನ ಲಗೇಜ್ ರೂಮು ಅಲ್ಲೀವರೆಗೆ ಕಾಯುತ್ತಾ?"

"ಹಾಗಾದ್ರೆ ಬೇರೆಯವರ ತಲೆ?"

"ಬೇರೆಯವರ ತಲೆ ಕಟ್ಕೊಂಡು ನಿನಗೇನು? ನಿನ್ನ ತಲೆ ನೋಡ್ಕೋ."

ಮೈಕು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕಿಟಕಿ ಒಡೆದು ಗಾಳಿಯ ಮೇಲೆ ಹಾಕಿದ ಅದೇ ಹುಡುಗ, ಈಗ ಹೊಟ್ಟೆ ಬಂದಿದೆ. ಉಗಿಯಬೇಕೆನ್ನಿಸಿತು. ಬಾಯಲ್ಲಿ ಬೈಗುಳ ಬೇಕಾದಷ್ಟಿತ್ತು. ಅವಳು ಹೇಳಿದ್ದು ಒಂದೇ ಮಾತು: "ನಾಳೆ ಬೆಳಗ್ಗೇನೇ ಕಳಿಸು."

ಮನೆಗೆ ಹೋಗುವ ದಾರಿಯಲ್ಲಿ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೊದಲು ಆಪರೇಷನ್ ಆಗಲಿ. ಆಮೇಲೆ ಮಾತು ಭದ್ರವಾದ ಮೇಲೆ ಊರಿಗೆಲ್ಲ ಸಾರಿದರಾಯಿತು. ಹೇಡಿಗಳೆಲ್ಲ ಹೀಗೇ ಯೋಚಿಸುತ್ತಾರೆ, ಆಮೇಲೆ ಎನ್ನುವ ಪದ ಅವರಿಗೆಂದೇ ಇರುವುದು. ತಾನು ಹೇಡಿಯೆಂದು ಅವಳಿಗೆ ಹೊಳೆಯಲಿಲ್ಲ. ಅಂಥದ್ದು ಯಾರಿಗೂ ಹೊಳೆಯುವುದಿಲ್ಲ.

ಹೊಸ ಅಂಕೆ ಹಾಕಿದಾಗ ಕೆಂಪು ಕಲೆ ಮಾತಿನ ಜಾಗ ಬಿಟ್ಟು ಒಳಕ್ಕೆ, ಕೆಳಕ್ಕೆ ಸರಿಯಿತು. ಡಾಕ್ಟರಮ್ಮ ಖಾತ್ರಿಗೆಂದು ಬುರುಡೆಗೆ ಕೊರೆದ ಸಣ್ಣ ತೂತಿನಿಂದ ತೆಳುವಾದ ತಂತಿ ಇಳಿಸಿ ನೋಡಿದರು. ಫಿಟ್ಸ್ ಹುಟ್ಟುತ್ತಿದ್ದದ್ದು ಅಲ್ಲೇ. ಆಪರೇಷನ್ನಿನ ಹಿಂದಿನ ದಿನ ಅವರು ಮೈಕುವಿನ ಹಾಸಿಗೆಯ ಪಕ್ಕ ಕೂತು ಕೇಳಿದರು: "ನಿಮ್ಮಣ್ಣ ಇದು ಮನೆತನದ ವಿಶೇಷ ಅಂತ ಬರೆದಿದ್ದಾರೆ. ನಿಜವಾ? ಯಾಕೆ ಕೇಳ್ದೆ ಅಂದ್ರೆ, ನಾನು ವಾಪಸ್ ಕಳಿಸಿದ ರೋಗಿಗಳು ತುಂಬಾ ಜನ ಇದ್ದಾರೆ. ಈ ಅಂಕೆ ಎಲ್ಲರಿಗೂ ಹೀಗೇ ಬರೋದಾದ್ರೆ ಅವರನ್ನೆಲ್ಲ ಮತ್ತೆ ಕರೆಸಬೇಕು."

ಮೈಕುವಿಗೆ ಕತ್ತರಿ ಹಿಡಿಯಲಿದ್ದ ಆ ಕೈ ಕಾಣಿಸಿತು. ಅಣ್ಣನ ಪತ್ರ ಸುಳ್ಳೆಂದು ಗೊತ್ತಾಗಿ ಈ ಕೈ ಈಗ ನಿಂತುಬಿಟ್ಟರೆ?

"ನಿಜ," ಎಂದಳು. "ನಮ್ಮ ತಂದೆಯ ಕಡೆಯವರದೆಲ್ಲ ಹೀಗೇ."

ದೊಡ್ಡ ಮನುಷ್ಯರು ಬರೆದದ್ದು, ಮನೆಯವರೇ ಹೌದೆಂದದ್ದು. ಡಾಕ್ಟರಮ್ಮ ನಂಬಿದರು. ಆಪರೇಷನ್ ಆಯಿತು, ಮಾತು ಉಳಿಯಿತು, ಫಿಟ್ಸ್ ಹೋಯಿತು. ಮೈಕು ಗಾಜಿನ ಗೂಡಿಗೆ ವಾಪಸಾಗಿ ಎಂದಿನಂತೆ ಬೈಸಿಕೊಳ್ಳತೊಡಗಿದಳು. ಅಣ್ಣ ವಂಶಲಕ್ಷಣದ ಮೇಲೆ ಲೇಖನ ಬರೆದು ಇನ್ನೊಂದು ಬಿರುದು ಗಿಟ್ಟಿಸಿದ. ಅವಳು ಅವನನ್ನು ಮೊದಲಿನಷ್ಟೇ ಹೀಯಾಳಿಸುತ್ತಿದ್ದಳು, ಊಟಕ್ಕೆ ಕರೆದಾಗ ಹೋಗಿಯೂ ಹೋಗುತ್ತಿದ್ದಳು. ಊರಿಗೆಲ್ಲ ಸಾರುವ ಮಾತು ಹಾಗೇ ಉಳಿದಿತ್ತು. ಅದಕ್ಕೆ ಅವಸರವೇನೂ ಕಾಣಿಸಿರಲಿಲ್ಲ.

ಮುಂದಿನ ವರ್ಷ ತಪಾಸಣೆಗೆ ಹೋದಾಗ, ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು. ಹೆಂಡತಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರು, ಈಗ ಮನೆಯಲ್ಲೇ ಇದ್ದಾಳೆ ಎಂದ ಗಂಡ. ಅವನ ತೊಡೆಯ ಮೇಲೆ ಮಿದುಳಿನ ಚಿತ್ರವಿತ್ತು. ಎಡಗಡೆ ಕಿವಿಯ ಮೇಲ್ಭಾಗದಲ್ಲಿ, ಹೊರಮೈಯಲ್ಲೇ, ಕೆಂಪು ಕಲೆ.

"ಮಾತಿನ ಜಾಗದ ಮೇಲಿದೆಯಂತೆ, ಆಪರೇಷನ್ ಆಗಲ್ಲವಂತೆ," ಎಂದ ಅವನು. "ನಿಮಗೂ ಮೊದಲು ಇಲ್ಲೇ ತೋರಿಸ್ತಿತ್ತು, ಆಮೇಲೆ ಏನೋ ಅಳೆದು ಸರಿಹೋಯ್ತು ಅಂತ ನರ್ಸ್ ಹೇಳಿದ್ರು. ಏನದು ಅಂತ ಸ್ವಲ್ಪ ಹೇಳ್ತೀರಾ ಮೇಡಂ? ನಾವೂ ಅಳೆಸ್ತೀವಿ."

ಮೈಕುವಿನ ತಲೆಯಲ್ಲಿ ಈಗ ಯಾವ ಎಡವಟ್ಟೂ ಇರಲಿಲ್ಲ. ಎದುರಿಗೆ ಕತ್ತರಿ ಹಿಡಿದ ಕೈಯೂ ಇರಲಿಲ್ಲ, ಬೆದರಿಸುವ ಅಣ್ಣನೂ ಇರಲಿಲ್ಲ. ನಿಜ ಹೇಳಿದರೆ ಮೊದಲು ಹೇಳಿದ್ದು ಸುಳ್ಳೆಂದು ಒಪ್ಪಬೇಕಾಗುತ್ತದೆ, ಡಾಕ್ಟರಮ್ಮನ ಮುಖ ನೋಡಬೇಕಾಗುತ್ತದೆ, ಅಷ್ಟೇ. ಅಷ್ಟು ಮುಜುಗರ ಯಾರಿಗೆ ಬೇಕು?

"ಅದು ನಮ್ಮ ಮನೆತನದ ಬುರುಡೆ," ಎಂದಳು, ಸ್ಪಷ್ಟವಾಗಿ, ಒಂದಕ್ಷರವೂ ಎಡವದೆ. "ಬೇರೆಯವರಿಗೆ ಅದು ಬರಲ್ಲ."

ಗಂಡ ತಲೆಯಾಡಿಸಿ, ತೊಂದರೆ ಕೊಟ್ಟೆ ಎಂದು ಕ್ಷಮೆ ಕೇಳಿ ಚಿತ್ರವನ್ನು ಮಡಿಚಿದ. ಹೆಂಡತಿಗೆ ಮಾತ್ರ ಇನ್ನೂ ಏನೋ ಕೇಳಬೇಕಾಗಿತ್ತು. ಅವಳು ಮೈಕುವಿನ ಮುಖ ನೋಡುತ್ತ ಬಾಯಿ ತೆರೆದಳು. ತುಟಿ ಅಲುಗಿತು, ಮಾತು ಬರಲಿಲ್ಲ, ಎಡಗೈ ಬಟ್ಟೆಯ ಅಂಚನ್ನು ಹೊಸೆಯತೊಡಗಿತು. ಅದು ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆಂದು, ಹೋದಮೇಲೆ ಅವಳು ಕೇಳಿಯೇ ಕೇಳುತ್ತಾಳೆಂದು ಮೈಕುವಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಮೈಕು ಅಷ್ಟು ಹೊತ್ತು ಕಾಯದೆ ಎದ್ದು ಹೋದಳು.